ಭಾರದ ಡೆಡ್‌ಲಿಫ್ಟ್ ಕೆಡುವುದು ನೆಲದ ಮೇಲೇ

ಡೆಡ್‌ಲಿಫ್ಟ್ ಅಂದರೆ ಎರಡು ತುದಿಗೂ ತೂಕದ ಪ್ಲೇಟ್ ಹಾಕಿದ ಬಾರ್ ಅನ್ನು ನೆಲದಿಂದ ಎತ್ತಿ ನೆಟ್ಟಗೆ ನಿಲ್ಲುವುದು. ಅದನ್ನು ಮಾಡುವಾಗ ಯಾರದಾದರೂ ಬೆನ್ನು ಬಗ್ಗಿತು ಅಂದರೆ ಸಾಕು, ಸುತ್ತ ನಿಂತವರೆಲ್ಲ ಒಂದೇ ಮಾತು ಹೇಳುತ್ತಾರೆ: "ಬೆನ್ನು ವೀಕ್ ಇದೆ, ಅದಕ್ಕೆ ಏನಾದರೂ ಮಾಡು." ಕೆಲವು ಸಲ ಅದು ನಿಜವೂ ಇರುತ್ತದೆ. ಆದರೆ ನಾನು ನೋಡಿದ ಬಹುಪಾಲು ಕೆಟ್ಟ ಲಿಫ್ಟ್‌ಗಳಲ್ಲಿ ಬೆನ್ನಿನದೇನೂ ತಪ್ಪಿರಲಿಲ್ಲ. ಬಾರ್ ಎಲ್ಲಿತ್ತು, ಉಸಿರು ಯಾವಾಗ ತೆಗೆದುಕೊಂಡರು, ಕೈ ನೆಟ್ಟಗಿತ್ತೋ ಇಲ್ಲವೋ, ಎಳೆಯುವ ಮುಂಚೆ ಬಾರ್‌ನ ಸ್ಲ್ಯಾಕ್ (ಸಡಿಲ) ತೆಗೆದರೋ ಅಥವಾ ಒಂದೇ ಸಲ ಜಗ್ಗಿದರೋ, ಇಷ್ಟರಲ್ಲೇ ಕಥೆ ಮುಗಿದಿತ್ತು. ಪ್ಲೇಟ್ ನೆಲ ಬಿಡುವ ಹೊತ್ತಿಗೆ ಆ ಲಿಫ್ಟ್‌ನ ಹಣೆಬರಹ ಬರೆದಾಗಿರುತ್ತದೆ. ಆಮೇಲೆ ನಾವು ಏನೇ ಒದ್ದಾಡಿದರೂ ಸರಿಮಾಡುವುದಕ್ಕೆ ಆಗುವುದು ಬಹಳ ಕಡಿಮೆ.

ಇದು ಹೊಸಬರಿಗೆ ಬರೆದದ್ದಲ್ಲ. ಸೊಂಟ ಹಿಂದೆ ತಳ್ಳಿ ಬಗ್ಗುವುದು ಹೇಗೆ ಅಂತ ಗೊತ್ತಿದ್ದು, ಮೈತೂಕದ ಎರಡು ಪಟ್ಟಿನ ಆಸುಪಾಸಿಗೆ ಬಂದು, ಅಲ್ಲಿ ಸಿಕ್ಕಿಹಾಕಿಕೊಂಡಿರುವವರಿಗೆ.

60 ಕೆಜಿಯನ್ನು ಹೇಗೆ ಎತ್ತಿದರೂ ಅದು ಮೇಲೆ ಬರುತ್ತದೆ ಅಲ್ವಾ? ಬಾರ್ ಸ್ವಲ್ಪ ಮುಂದಿರಲಿ, ಕೈ ಬಗ್ಗಿರಲಿ, ಉಸಿರು ಅರ್ಧ ಇರಲಿ, ಏನೂ ಆಗುವುದಿಲ್ಲ. ತಪ್ಪು ಇದ್ದೇ ಇರುತ್ತದೆ, ಕಾಣುವುದಿಲ್ಲ ಅಷ್ಟೆ. ಸಣ್ಣ ಲೆಕ್ಕ ಒಂದು ಹೇಳುತ್ತೇನೆ. 200 ಕೆಜಿಯ ಬಾರ್ ಅಂದರೆ ಸುಮಾರು 1,960 ನ್ಯೂಟನ್ ಬಲ ಕೆಳಗೆ ಎಳೆಯುತ್ತಿರುತ್ತದೆ. ಆ ಬಾರ್ ನಿಮ್ಮ ಸೊಂಟದಿಂದ ಇರಬೇಕಾದ್ದಕ್ಕಿಂತ 5 ಸೆಂ.ಮೀ. ಮುಂದೆ ಸರಿದರೆ ಸೊಂಟದ ಕೀಲಿನ ಮೇಲೆ ಸುಮಾರು 98 ನ್ಯೂಟನ್-ಮೀಟರ್ ಟಾರ್ಕ್ (ತಿರುಗಿಸುವ ಬಲ) ಜಾಸ್ತಿ ಬೀಳುತ್ತದೆ. 60 ಕೆಜಿಯಲ್ಲಿ ಅದೇ 5 ಸೆಂ.ಮೀ. ತಪ್ಪಿಗೆ ಬೀಳುವುದು 29 ಮಾತ್ರ. ತಪ್ಪು ಅದೇ, ಅದಕ್ಕೆ ಬೆನ್ನು ಕೊಡುವ ಬೆಲೆ ಮೂರು ಪಟ್ಟಿಗಿಂತ ಜಾಸ್ತಿ. ಹಾಗಾಗಿ "ಹಗುರ ಇದ್ದಾಗ ನನ್ನ ಫಾರ್ಮ್ ಸೂಪರ್ ಇರುತ್ತದೆ, ಭಾರ ಹಾಕಿದಾಗ ಮಾತ್ರ ಕೆಡುತ್ತದೆ" ಅನ್ನುವವರ ಮಾತನ್ನು ನಾನು ಪೂರ್ತಿ ನಂಬುವುದಿಲ್ಲ. ಹಗುರದಲ್ಲೂ ಬಾರ್ ಮುಂದೆ ಹೋಗುತ್ತಲೇ ಇರುತ್ತದೆ, ವಿಡಿಯೋ ನಿಧಾನಕ್ಕೆ ಓಡಿಸಿ ನೋಡಿ.

ಸರಿ, ಪಾದದಿಂದ ಶುರು ಮಾಡೋಣ. ಬಾರ್ ಪಾದದ ನಡುವಿನ ಮೇಲೆ ಇರಬೇಕು ಅಂತ ಎಲ್ಲರೂ ಹೇಳುತ್ತಾರೆ. ಆದರೆ ಯಾವ ನಡು? ಹಿಮ್ಮಡಿಯಿಂದ ಬೆರಳ ತುದಿಯವರೆಗೆ ಪೂರ್ತಿ ಪಾದ ಅಳೆದು ಸಿಗುವ ನಡು. ಮೇಲಿನಿಂದ ನೋಡುವಾಗ ಹಿಮ್ಮಡಿ ನಮ್ಮ ಕಣ್ಣಿಗೆ ಬೀಳುವುದಿಲ್ಲ, ಕಾಲಿನ ಮುಂದಿನ ಭಾಗ ಮಾತ್ರ ಕಾಣುತ್ತದೆ, ಅದರ ನಡುವನ್ನೇ ಪಾದದ ನಡು ಅಂದುಕೊಂಡು ಬಾರ್ ಅನ್ನು ಬೆರಳುಗಳ ಬುಡಕ್ಕೆ ಇಟ್ಟುಕೊಳ್ಳುತ್ತೇವೆ. ನೆಟ್ಟಗೆ ನಿಂತಾಗ ಬಾರ್ ಮತ್ತು ಶಿನ್ (ಮೊಣಕಾಲಿನ ಕೆಳಗೆ ಕಾಲಿನ ಮುಂಭಾಗ) ನಡುವೆ ಎರಡು, ಮೂರು ಸೆಂಟಿಮೀಟರ್ ಜಾಗ ಇದ್ದರೆ ಸಾಕು. ತೀರಾ ಹತ್ತಿರ ಆಯಿತು ಅನ್ನಿಸುತ್ತದೆ. ಅನ್ನಿಸಲಿ. ಒಂದು ಸಲ ಅಲ್ಲಿ ನಿಂತ ಮೇಲೆ ಬಾರ್ ಅನ್ನು ಅಲುಗಾಡಿಸಬಾರದು. ಬಗ್ಗಿ ಹಿಡಿದ ಮೇಲೆ ಮೊಣಕಾಲನ್ನು ಮುಂದೆ ತಂದು ಶಿನ್ ಅನ್ನು ಬಾರ್‌ಗೆ ತಾಗಿಸಬೇಕೇ ಹೊರತು ಬಾರ್ ಅನ್ನು ಉರುಳಿಸಿಕೊಂಡು ಶಿನ್ ಹತ್ತಿರ ತರಬಾರದು. ಬಾರ್ ಉರುಳಿಸಿ ಎತ್ತುವ ದೊಡ್ಡ ದೊಡ್ಡ ಲಿಫ್ಟರ್‌ಗಳೂ ಇದ್ದಾರೆ, ಗೊತ್ತು. ಅವರು ವರ್ಷಗಟ್ಟಲೆ ಅದೇ ತಾಳಕ್ಕೆ ಒಗ್ಗಿದ್ದಾರೆ. ನಮಗೆ ಅದು ತಪ್ಪಾಗುವ ಇನ್ನೊಂದು ದಾರಿ ಅಷ್ಟೆ.

ಪಾದದ ಕೆಳಗೆ ಏನಿದೆ ಅನ್ನುವುದೂ ಮುಖ್ಯ. ಓಡುವ ಶೂಗಳ ಮೆತ್ತನೆಯ ಸೋಲ್ ಭಾರ ಬಿದ್ದಾಗ ಒಂದೊಂದು ಕಡೆ ಒಂದೊಂದು ರೀತಿ ಅದುಮಿಕೊಳ್ಳುತ್ತದೆ, ನೀವು ನೆಲವನ್ನು ತಳ್ಳುತ್ತಿದ್ದೀರೋ ಸ್ಪಂಜನ್ನೋ ಗೊತ್ತಾಗುವುದಿಲ್ಲ. ಚಪ್ಪಟೆ, ಗಟ್ಟಿ, ತೆಳ್ಳನೆಯ ಸೋಲ್ ಬೇಕು. ಬಾರ್ ಹೆಗಲ ಮೇಲಿಟ್ಟು ಕೂತೇಳುವ ಸ್ಕ್ವಾಟ್‌ಗೆ ಹಾಕುವ ಎತ್ತರದ ಹಿಮ್ಮಡಿಯ ಶೂ ಕೂಡ ಇಲ್ಲಿ ಬೇಡ, ಅದು ನಿಮ್ಮನ್ನು ಮುಂದಕ್ಕೆ ದೂಡುತ್ತದೆ, ಎಳೆಯುವ ದೂರವನ್ನೂ ಅಷ್ಟು ಹೆಚ್ಚಿಸುತ್ತದೆ. ಇನ್ನು ಪ್ಲೇಟ್. ಸ್ಪರ್ಧೆಯ ದೊಡ್ಡ ಪ್ಲೇಟ್‌ನ ವ್ಯಾಸ 45 ಸೆಂ.ಮೀ., ಅಂದರೆ ಬಾರ್‌ನ ನಡು ನೆಲದಿಂದ 22.5 ಸೆಂ.ಮೀ. ಎತ್ತರದಲ್ಲಿರುತ್ತದೆ. ನಿಮ್ಮ ಜಿಮ್‌ನ ಪ್ಲೇಟ್‌ಗಳು ಇದಕ್ಕಿಂತ ಚಿಕ್ಕವಾದರೆ ನೀವು ಗೊತ್ತಿಲ್ಲದೆ ಇನ್ನೂ ತಗ್ಗಿನಿಂದ ಎತ್ತುತ್ತಿದ್ದೀರಿ. ಕೆಳಗೆ ಮ್ಯಾಟ್ ಇಟ್ಟು ಸರಿಮಾಡಿಕೊಳ್ಳಿ.

ಹಿಡಿತ. ಕೈಗಳು ಭುಜದಿಂದ ನೇರ ಕೆಳಗೆ ಇಳಿದು ಕಾಲುಗಳ ಹೊರಗೆ ಬಾರ್ ಹಿಡಿಯಬೇಕು. ಕೈ ಅಗಲ ಆದಷ್ಟೂ ನೀವು ಜಾಸ್ತಿ ಬಗ್ಗಬೇಕಾಗುತ್ತದೆ. ಬಾರ್ ಅನ್ನು ಅಂಗೈ ನಡುವಲ್ಲಿ ಇಟ್ಟು ಮುಷ್ಟಿ ಕಟ್ಟಿದರೆ ಎತ್ತುವಾಗ ಅದು ಜಾರಿ ಬೆರಳ ಬುಡಕ್ಕೆ ಬಂದೇ ಬರುತ್ತದೆ, ಬರುವಾಗ ಚರ್ಮವನ್ನೂ ಮಡಚಿಕೊಂಡು ಬರುತ್ತದೆ, ಆಣಿ ಕಿತ್ತು ಹೋಗುವುದು ಹಾಗೇ. ಮೊದಲೇ ಬೆರಳ ಬುಡದಲ್ಲಿ ಹಿಡಿದರೆ ಆ ತೊಂದರೆ ಇಲ್ಲ. ಎರಡೂ ಅಂಗೈ ನಮ್ಮ ಕಡೆಗಿರುವ ಹಿಡಿತ ಒಂದು ಹಂತದವರೆಗೆ ಮಾತ್ರ ನಡೆಯುತ್ತದೆ, ಆಮೇಲೆ ಬಾರ್ ಬೆರಳಿನಿಂದ ಉರುಳಿ ಬಿಚ್ಚಿಕೊಳ್ಳುತ್ತದೆ. ಆಗ ಎರಡು ದಾರಿ. ಒಂದು ಮಿಕ್ಸ್ಡ್ ಗ್ರಿಪ್, ಒಂದು ಅಂಗೈ ಒಳಗೆ, ಇನ್ನೊಂದು ಹೊರಗೆ. ಬಾರ್ ಒಂದು ಕಡೆಗೆ ಉರುಳುವುದು ನಿಲ್ಲುತ್ತದೆ. ಇನ್ನೊಂದು ಹುಕ್ ಗ್ರಿಪ್, ಹೆಬ್ಬೆರಳನ್ನು ಬಾರ್‌ಗೆ ಸುತ್ತಿ ಅದರ ಮೇಲೆ ಉಳಿದ ಬೆರಳುಗಳನ್ನು ಬಿಗಿಯುವುದು. ಹುಕ್ ಗ್ರಿಪ್ ಮೊದಲ ಕೆಲವು ವಾರ ಹೆಬ್ಬೆರಳಿಗೆ ಪ್ರಾಣ ಹೋಗುವಷ್ಟು ನೋವು ಕೊಡುತ್ತದೆ, ಅದರಲ್ಲಿ ಸುಳ್ಳೇನೂ ಇಲ್ಲ.

ಮಿಕ್ಸ್ಡ್ ಗ್ರಿಪ್ ಹಿಡಿಯುವವರಿಗೆ ಒಂದು ಎಚ್ಚರಿಕೆ. ಅಂಗೈ ಮುಂದಕ್ಕೆ ತಿರುಗಿರುವ ಕೈಯ ಬೈಸೆಪ್ಸ್ ಇಲ್ಲಿ ಅಪಾಯದಲ್ಲಿರುತ್ತದೆ. ಮೊಣಕೈ ಸ್ವಲ್ಪ ಬಗ್ಗಿದ್ದು, ಭಾರ ಬಿದ್ದ ಕೂಡಲೇ ಅದು ಬಲವಂತವಾಗಿ ನೆಟ್ಟಗಾದರೆ ಮೊಣಕೈ ಹತ್ತಿರದ ಸ್ನಾಯುರಜ್ಜು ಹರಿಯುತ್ತದೆ. ಭಾರದ ಡೆಡ್‌ಲಿಫ್ಟ್‌ನಲ್ಲಿ ಬೈಸೆಪ್ಸ್ ಹರಿದುಕೊಂಡವರು ಹೆಚ್ಚಿನವರು ಆ ಕೈಯಲ್ಲೇ ಹರಿದುಕೊಂಡಿರುತ್ತಾರೆ. ಎಳೆಯುವ ಮುಂಚೆ ಟ್ರೈಸೆಪ್ಸ್ (ತೋಳಿನ ಹಿಂಭಾಗದ ಸ್ನಾಯು) ಬಿಗಿಮಾಡಿ ಮೊಣಕೈ ಪೂರ್ತಿ ನೆಟ್ಟಗಾಗಿದೆಯಾ ನೋಡಿಕೊಳ್ಳಿ. ಕೈ ಇಲ್ಲಿ ಕೊಕ್ಕೆ ಮಾತ್ರ, ಎತ್ತುವ ಕೆಲಸ ಅದರದ್ದಲ್ಲ.

ಮಣಿಕಟ್ಟಿಗೂ ಬಾರ್‌ಗೂ ಸುತ್ತಿ ಹಿಡಿತಕ್ಕೆ ಆಸರೆ ಕೊಡುವ ಪಟ್ಟಿ, ಅಂದರೆ ಸ್ಟ್ರಾಪ್ ಬಗ್ಗೆ ಸುಮ್ನೆ ಜಗಳ ಆಡುವವರು ಬಹಳ. ಮೂರು ನಿಗದಿತ ಲಿಫ್ಟ್‌ಗಳ ಪವರ್‌ಲಿಫ್ಟಿಂಗ್ ಸ್ಪರ್ಧೆಯಲ್ಲಿ ಸ್ಟ್ರಾಪ್ ಇಲ್ಲ, ಬಗೆಬಗೆಯ ಭಾರ ಎತ್ತುವ, ಎಳೆಯುವ ಸ್ಟ್ರಾಂಗ್‌ಮ್ಯಾನ್ ಸ್ಪರ್ಧೆಯಲ್ಲಿ ಇದೆ. ಬ್ರಿಟನ್ನಿನ ಸ್ಟ್ರಾಂಗ್‌ಮ್ಯಾನ್ ಎಡ್ಡಿ ಹಾಲ್ 2016ರಲ್ಲಿ 500 ಕೆಜಿ ಎತ್ತಿದ್ದು, ಐಸ್‌ಲ್ಯಾಂಡಿನ ಹಾಫ್‌ಥೋರ್ ಬ್ಯೋರ್ನ್‌ಸನ್ 2020ರಲ್ಲಿ 501 ಕೆಜಿ ಎತ್ತಿದ್ದು ಎರಡೂ ಸ್ಟ್ರಾಪ್ ಹಾಕಿಯೇ. ಅದಕ್ಕೆ ಅವರೇನು ಕಡಿಮೆ ಆದರಾ? ನೀವು ಸ್ಪರ್ಧೆಗೆ ಹೋಗುವವರಾದರೆ ದೊಡ್ಡ ಸಿಂಗಲ್‌ಗಳನ್ನು (ಒಂದೇ ಸಲ ಎತ್ತುವ ಭಾರ) ಬರಿಗೈಯಲ್ಲಿ ಚಾಕ್ ಹಚ್ಚಿ ಎತ್ತಿ, ಆಮೇಲಿನ ರೆಪ್ಸ್‌ಗೆ (ಸಾಲಾಗಿ ಹಲವು ಸಲ ಎತ್ತುವುದಕ್ಕೆ) ಸ್ಟ್ರಾಪ್ ಹಾಕಿ. ಸ್ಪರ್ಧೆ ಇಲ್ಲದವರು ಹೇಗೆ ಬೇಕಾದರೂ ಮಾಡಲಿ.

ಈಗ ಉಸಿರು ಮತ್ತು ಹೊಟ್ಟೆ. ನಿಂತೇ ಇರುವಾಗ ದೊಡ್ಡ ಉಸಿರು ತೆಗೆದುಕೊಳ್ಳಿ, ಎದೆಗಲ್ಲ, ಹೊಟ್ಟೆಗೆ. ಹೊಟ್ಟೆ ಮುಂದೆ ಉಬ್ಬಿದರೆ ಸಾಲದು, ಪಕ್ಕೆಗಳೂ ಕೆಳಬೆನ್ನಿನ ಎರಡು ಕಡೆಯೂ ಹೊರಗೆ ತಳ್ಳಿದ ಹಾಗೆ ಅನ್ನಿಸಬೇಕು. ಆಮೇಲೆ ಬಗ್ಗಿ, ಹಿಡಿದು, ಬೇಕಾದರೆ ಚೂರು ಉಸಿರು ಮತ್ತೆ ಸೇರಿಸಿ, ಯಾರೋ ಹೊಟ್ಟೆಗೆ ಗುದ್ದಲು ಬರುತ್ತಿದ್ದಾರೆ ಅನ್ನುವಷ್ಟು ಬಿಗಿಮಾಡಿ ಹಿಡಿಯಿರಿ. ಕೆಲವರು ಪೂರ್ತಿ ಬಗ್ಗಿದ ಮೇಲೆ ಉಸಿರು ತೆಗೆಯುತ್ತಾರೆ. ಹೊಟ್ಟೆ ತೊಡೆಗೆ ಒತ್ತಿಕೊಂಡಿರುವವರಿಗೆ ಅಲ್ಲಿ ಉಸಿರಿಗೆ ಜಾಗವೇ ಇರುವುದಿಲ್ಲ. ಬೆಲ್ಟ್ ಹಾಕುವುದು ಈ ಒತ್ತಡಕ್ಕೆ ಗೋಡೆ ಸಿಗಲಿ ಅಂತ. ಬೆಲ್ಟ್ ಹಾಕಿ ಹೊಟ್ಟೆ ಒಳಗೆ ಎಳೆದುಕೊಳ್ಳುವವರನ್ನು ನೋಡಿದರೆ ನನಗೆ ನಗು ಬರುತ್ತದೆ, ಬೆಲ್ಟ್ ಬಿಚ್ಚಿಟ್ಟರೂ ಅವರಿಗೆ ವ್ಯತ್ಯಾಸ ಆಗುವುದಿಲ್ಲ. ಸ್ಪರ್ಧೆಯ ನಿಯಮದಲ್ಲಿ ಬೆಲ್ಟ್ 10 ಸೆಂ.ಮೀ. ಅಗಲ, 13 ಮಿ.ಮೀ. ದಪ್ಪ ಮೀರಬಾರದು. ಸ್ಕ್ವಾಟ್‌ಗೆ ಹಾಕುವುದಕ್ಕಿಂತ ಒಂದು ತೂತು ಸಡಿಲ, ಸ್ವಲ್ಪ ಮೇಲೆ ಹಾಕಿದರೆ ಬಗ್ಗುವಾಗ ಪಕ್ಕೆಲುಬಿಗೂ ಸೊಂಟದ ಮೂಳೆಗೂ ಒತ್ತುವುದಿಲ್ಲ. ಇದು ನನ್ನ ಅಭ್ಯಾಸ, ನಿಮ್ಮ ಮುಂಡ ಗಿಡ್ಡ ಇದ್ದರೆ ಬೇರೆ ಇರಬಹುದು.

ಉಸಿರು ಬಿಗಿಹಿಡಿದು ಭಾರ ಎತ್ತುವುದು ಸಣ್ಣ ವಿಷಯ ಅಲ್ಲ, ಇದನ್ನು ಹೇಳದೆ ಮುಂದೆ ಹೋಗುವಂತಿಲ್ಲ. 1985ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಬಾಡಿಬಿಲ್ಡರ್‌ಗಳ ರಕ್ತನಾಳದ ಒಳಗೇ ಅಳತೆಯ ನಳಿಕೆ ಇಟ್ಟು ಲೆಗ್ ಪ್ರೆಸ್ ಮಾಡಿಸಿದ್ದರು. ಎರಡೂ ಕಾಲಿನ ಭಾರದ ಲೆಗ್ ಪ್ರೆಸ್‌ನಲ್ಲಿ ರಕ್ತದೊತ್ತಡ ಸರಾಸರಿ 320/250ಕ್ಕೆ ಏರಿತ್ತು, ಒಬ್ಬರದ್ದು 480/350 ದಾಟಿತ್ತು. ಕೆಲವು ಸೆಕೆಂಡುಗಳ ಮಟ್ಟಿಗೆ ಆರೋಗ್ಯವಂತರ ಮೈ ಇದನ್ನು ತಡೆದುಕೊಳ್ಳುತ್ತದೆ. ಆದರೆ ಬಿಪಿ, ಹೃದಯದ ತೊಂದರೆ, ಕಣ್ಣಿನ ರೆಟಿನಾ ತೊಂದರೆ, ಹರ್ನಿಯಾ ಇರುವವರು ಡಾಕ್ಟರನ್ನು ಕೇಳದೆ ಗರಿಷ್ಠ ಭಾರಕ್ಕೆ ಹೋಗಲೇಬಾರದು. ಎಡ್ಡಿ ಹಾಲ್ ಆ 500 ಕೆಜಿ ಎತ್ತಿ ಇಳಿಸಿದ ಮೇಲೆ ಮೂಗಿನಲ್ಲಿ ರಕ್ತ ಬಂದು ಪ್ರಜ್ಞೆ ತಪ್ಪಿ ಬಿದ್ದಿದ್ದರು. ನಮ್ಮ ಮಟ್ಟದಲ್ಲೂ ಲಾಕೌಟ್ ಆದ ಮೇಲೆ, ಅಂದರೆ ಪೂರ್ತಿ ನೆಟ್ಟಗೆ ನಿಂತ ಮೇಲೆ, ತಲೆ ತಿರುಗುವುದು ಅಪರೂಪ ಏನಲ್ಲ. ಮೇಲೆ ನಿಂತಾಗ ಉಸಿರನ್ನು ಒಮ್ಮೆಲೇ ಬಿಟ್ಟುಬಿಡಬೇಡಿ, ಬಾರ್ ನೆಲಕ್ಕೆ ಇಟ್ಟ ಮೇಲೂ ಕಣ್ಣು ಕತ್ತಲೆ ಬಂದರೆ ಅಲ್ಲೇ ಮೊಣಕಾಲೂರಿ ಕೂತುಬಿಡಿ. ಹೀರೋ ಥರ ನಡೆದು ಹೋಗುವುದಕ್ಕೆ ನೋಡಿ ರ‍್ಯಾಕ್‌ಗೆ ತಲೆ ಹೊಡೆದುಕೊಳ್ಳುವುದಕ್ಕಿಂತ ಅದು ವಾಸಿ.

ಈಗ ಬಂದೆವು ಸ್ಲ್ಯಾಕ್‌ಗೆ. ನನ್ನ ಪ್ರಕಾರ ಭಾರದ ಡೆಡ್‌ಲಿಫ್ಟ್‌ನ ಮುಕ್ಕಾಲು ಭಾಗ ಇದೇ.

ಬಾರ್‌ನ ತುದಿಗೂ ಪ್ಲೇಟಿನ ತೂತಿಗೂ ನಡುವೆ ಚೂರು ಸಂದು ಇರುತ್ತದೆ. ಬಾರ್ ತಾನೇ ಬಗ್ಗುತ್ತದೆ, ಭಾರ ಜಾಸ್ತಿ ಆದಷ್ಟೂ ಜಾಸ್ತಿ. ಪವರ್‌ಲಿಫ್ಟಿಂಗ್‌ನ ಸಾಮಾನ್ಯ ಬಾರ್ 29 ಮಿ.ಮೀ. ದಪ್ಪ ಇದ್ದರೆ ಡೆಡ್‌ಲಿಫ್ಟ್‌ಗೆಂದೇ ಮಾಡಿದ ಬಾರ್ 27 ಮಿ.ಮೀ., ಉದ್ದವೂ ಸ್ವಲ್ಪ ಜಾಸ್ತಿ, ಅದಕ್ಕೇ ಅದರಲ್ಲಿ ಕೈ ಸಾಕಷ್ಟು ಮೇಲೆ ಬಂದ ಮೇಲೆ ಪ್ಲೇಟ್ ನೆಲ ಬಿಡುತ್ತದೆ. ಇದಿಷ್ಟು ಬಾರ್‌ನ ಸಡಿಲ. ನಮ್ಮ ಮೈಯಲ್ಲೂ ಅಷ್ಟೇ ಸಡಿಲ ಇದೆ: ಮೊಣಕೈಯಲ್ಲಿ, ಭುಜದಲ್ಲಿ, ಬೆನ್ನಿನಲ್ಲಿ, ತೊಡೆಯ ಹಿಂದೆ. ಇದೆಲ್ಲ ಸಡಿಲ ಇರುವಾಗಲೇ ಒಂದೇ ಸಲ ಜಗ್ಗಿದರೆ ಏನಾಗುತ್ತದೆ? ಕೆಟ್ಟು ನಿಂತ ಗಾಡಿಗೆ ಹಗ್ಗ ಕಟ್ಟಿ, ಹಗ್ಗ ಜೋತಾಡುತ್ತಿರುವಾಗಲೇ ಮುಂದಿನ ಗಾಡಿ ಜೋರಾಗಿ ಓಡಿಸಿದರೆ ಆಗುವುದೇ ಆಗುತ್ತದೆ, ಎಲ್ಲಿ ದುರ್ಬಲ ಇದೆಯೋ ಅಲ್ಲಿ ಏಟು ಬೀಳುತ್ತದೆ. ಬಹಳ ಜನರಲ್ಲಿ ಆ ಜಾಗ ಕೆಳಬೆನ್ನು.

ತೆಗೆಯುವುದು ಹೇಗೆ ಅಂದರೆ, ಬಾರ್ ಹಿಡಿದು, ಶಿನ್ ತಾಗಿಸಿ, ಕಂಕುಳನ್ನು ಕೆಳಗೆ, ಸೊಂಟದ ಕಡೆಗೆ ಅದುಮಿ. ಲ್ಯಾಟ್ಸ್ (ಕಂಕುಳಿನಿಂದ ಕೆಳಗಿಳಿಯುವ ಬೆನ್ನಿನ ಅಗಲ ಸ್ನಾಯು) ಬಿಗಿಯಾಗುವುದು ಗೊತ್ತಾಗಬೇಕು. ಈಗ ಬಾರ್ ಅನ್ನೇ ಆಸರೆ ಮಾಡಿಕೊಂಡು ನಿಧಾನಕ್ಕೆ ಮೇಲೆ ಎಳೆಯುತ್ತಾ ಎದೆ ಎತ್ತಿ, ಸೊಂಟ ತಾನಾಗಿ ಚೂರು ಕೆಳಗೆ, ಹಿಂದಕ್ಕೆ ಜಾರುತ್ತದೆ. ಬಾರ್ ತೂತಿನ ಮೇಲಂಚಿಗೆ ತಾಗಿದಾಗ "ಟಕ್" ಅಂತ ಸದ್ದು ಕೇಳುತ್ತದೆ. ಹಲವರು ಇಲ್ಲಿಗೇ ಸ್ಲ್ಯಾಕ್ ಮುಗಿಯಿತು ಅಂದುಕೊಳ್ಳುತ್ತಾರೆ. ಇಲ್ಲ, ಇದು ಶುರು. ಅಲ್ಲಿಂದ ಮುಂದೆಯೂ ಒತ್ತಡ ಏರಿಸುತ್ತಾ ಹೋಗಿ, ಬಾರ್ ಬಗ್ಗುವುದು ಕಾಣಬೇಕು, ತೊಡೆಯ ಹಿಂಭಾಗ ಬಿಗಿದುಕೊಳ್ಳಬೇಕು, ಪಾದ ನೆಲಕ್ಕೆ ಅಂಟಿಕೊಂಡ ಹಾಗೆ ಆಗಬೇಕು, ಪ್ಲೇಟ್ ಇನ್ನೂ ನೆಲದಲ್ಲೇ ಇದ್ದರೂ ಭಾರದ ಒಂದು ಒಳ್ಳೆಯ ಪಾಲು ಆಗಲೇ ನಿಮ್ಮ ಮೈಮೇಲೆ ಬಂದಿರಬೇಕು. ಆ ಸ್ಥಿತಿಯಿಂದ ಎತ್ತುವುದಕ್ಕೆ ಹೊಸದಾಗಿ ಏನೂ ಶುರು ಮಾಡಬೇಕಾಗಿಲ್ಲ, ಈಗಾಗಲೇ ಮಾಡುತ್ತಿರುವುದನ್ನೇ ಇನ್ನೂ ಜೋರಾಗಿ ಮಾಡಿದರೆ ಸಾಕು.

ಹಗುರದ ತೂಕದಲ್ಲಿ ಇದನ್ನು ಅಭ್ಯಾಸ ಮಾಡುವುದೇ ಕಷ್ಟ, ಯಾಕಂದರೆ ಸ್ವಲ್ಪ ಒತ್ತಡ ಹಾಕಿದ ಕೂಡಲೇ ಬಾರ್ ಮೇಲೆ ಬಂದುಬಿಡುತ್ತದೆ. ಅದಕ್ಕೆ ನಾನು ಹೇಳುವುದು, ನಿಮ್ಮ ಗರಿಷ್ಠಕ್ಕಿಂತ ಭಾರ ಹಾಕಿ, ಎತ್ತುವ ಯೋಚನೆ ಇಲ್ಲದೆ, ಬರೀ ಸ್ಲ್ಯಾಕ್ ತೆಗೆದು ಎರಡು ಸೆಕೆಂಡ್ ಹಿಡಿದು ಬಿಡಿ. ಬೆನ್ನಿನ ಆಕಾರ ಬದಲಾಗದ ಹಾಗೆ ಎಷ್ಟು ಒತ್ತಡ ಹಾಕಬಹುದು ಅನ್ನುವುದು ಆಗ ತಿಳಿಯುತ್ತದೆ. ಬದಲಾಗಲು ಶುರುವಾದರೆ ಅಲ್ಲೇ ಬಿಡಿ.

ಸೊಂಟ ಎಷ್ಟು ಎತ್ತರದಲ್ಲಿರಬೇಕು ಅಂತ ಕೇಳುತ್ತಾರೆ. ಅದನ್ನು ನಾವು ಆರಿಸುವುದೇ ಅಲ್ಲ. ಬಾರ್ ಪಾದದ ನಡುವಿನ ಮೇಲೆ, ಕೈ ನೆಟ್ಟಗೆ, ಭುಜದ ಹಿಂದಿನ ಚಪ್ಪಟೆ ಮೂಳೆ ಸುಮಾರು ಬಾರ್‌ನ ನೇರಕ್ಕೆ, ಈ ಮೂರೂ ಸರಿ ಇದ್ದರೆ ಸೊಂಟ ಎಲ್ಲಿ ಬರುತ್ತದೋ ಅಲ್ಲೇ ಅದರ ಜಾಗ. ತೊಡೆ ಉದ್ದ, ಮುಂಡ ಗಿಡ್ಡ ಇರುವವರಿಗೆ ಅದು ಎತ್ತರ, ಉಲ್ಟಾ ಇರುವವರಿಗೆ ತಗ್ಗು. ಸ್ಕ್ವಾಟ್ ಥರ ತಗ್ಗಿ ಕೂತು ಶುರು ಮಾಡುವವರ ವಿಡಿಯೋ ನೋಡಿ, ಬಾರ್ ಕದಲುವ ಮುಂಚೆಯೇ ಸೊಂಟ ಮೇಲೆ ಹೋಗಿರುತ್ತದೆ, ಬಾರ್ ಮುಂದಕ್ಕೆ ಸರಿದಿರುತ್ತದೆ. ಮೈಗೆ ತನ್ನ ಜಾಗ ಗೊತ್ತು, ಅದು ಅಲ್ಲಿಗೆ ಹೋಗಿಯೇ ಎತ್ತುತ್ತದೆ. ಅಲ್ಲಿಂದಲೇ ಶುರು ಮಾಡಿದರೆ ಆಯಿತಲ್ಲ. ಯಾರದ್ದೋ ಫೋಟೋ ನೋಡಿ ಕೋನ ಅಳೆಯುವವರಿಗೆ ಲಮಾರ್ ಗ್ಯಾಂಟ್ ನೆನಪಿಸಬೇಕು. ಬೆನ್ನುಮೂಳೆ ಪಕ್ಕಕ್ಕೆ ಬಾಗುವ ಸ್ಕೋಲಿಯೋಸಿಸ್ ಇದ್ದ ಆ ಮನುಷ್ಯ 1985ರಲ್ಲಿ 60 ಕೆಜಿ ವರ್ಗದಲ್ಲಿ 300 ಕೆಜಿ ಎತ್ತಿದರು, ಮೈತೂಕದ ಐದು ಪಟ್ಟು. ಅವರ ಸೆಟಪ್ (ಎಳೆಯುವ ಮುಂಚೆ ಮೈ ಇಟ್ಟುಕೊಳ್ಳುವ ರೀತಿ) ಇನ್ನೊಬ್ಬರಿಗೆ ಕೂರುವುದಿಲ್ಲ.

ಎಳೆಯುವಾಗ ತಲೆಯಲ್ಲಿ ಒಂದೇ ಮಾತು ಇರಲಿ: ನೆಲವನ್ನು ಕಾಲಿಂದ ತಳ್ಳುವುದು. ಎದೆ, ಸೊಂಟ, ಕುತ್ತಿಗೆ, ಲ್ಯಾಟ್ಸ್ ಅಂತ ಐದಾರು ಸೂಚನೆ ಇಟ್ಟುಕೊಂಡರೆ ಯಾವುದೂ ಆಗುವುದಿಲ್ಲ. ಅದೆಲ್ಲ ಸೆಟಪ್‌ನಲ್ಲೇ ಮುಗಿದಿರಬೇಕು. ಇನ್ನೊಂದು, ಗರಿಷ್ಠ ಭಾರ ತಕ್ಷಣ ನೆಲ ಬಿಡುವುದಿಲ್ಲ. ಪೂರ್ತಿ ಶಕ್ತಿ ಹಾಕಿದ ಮೇಲೂ ಒಂದು ಸೆಕೆಂಡ್, ಕೆಲವು ಸಲ ಅದಕ್ಕಿಂತ ಜಾಸ್ತಿ, ಏನೂ ಆಗುವುದಿಲ್ಲ. ಈ ಒಂದು ಸೆಕೆಂಡಿನಲ್ಲಿ "ಬರಲ್ಲ ಇದು" ಅಂತ ಬಿಡುವವರು ಒಂದು ಗುಂಪು, ಗಾಬರಿಯಾಗಿ ಸೊಂಟ ಮೇಲೆತ್ತಿ ಬೆನ್ನಿನಿಂದ ಕೀಳಲು ಹೋಗುವವರು ಇನ್ನೊಂದು ಗುಂಪು. ಎರಡೂ ಬೇಡ. ಅದೇ ಆಕಾರದಲ್ಲಿ ತಳ್ಳುತ್ತಾ ಇರಿ. ಹಗುರದ್ದನ್ನೇ ಎತ್ತಿ ಅಭ್ಯಾಸ ಇರುವವರಿಗೆ ಈ ತಾಳ್ಮೆ ಕಲಿಯುವುದೇ ಅತಿ ಕಷ್ಟದ ಕೆಲಸ.

ಬೆನ್ನು ಬಗ್ಗುವ ವಿಷಯಕ್ಕೆ ಬರೋಣ, ಅದಿಲ್ಲದೆ ಡೆಡ್‌ಲಿಫ್ಟ್ ಮಾತು ಮುಗಿಯುವುದಿಲ್ಲ. ಲಾಟ್ವಿಯಾದ ಕಾನ್‌ಸ್ಟಾಂಟಿನ್ ಕಾನ್‌ಸ್ಟಾಂಟಿನೋವ್ಸ್ 2009ರಲ್ಲಿ ಬೆಲ್ಟ್ ಕೂಡ ಇಲ್ಲದೆ 426 ಕೆಜಿ ಎತ್ತಿದರು, ಮೇಲ್ಬೆನ್ನು ಚೆನ್ನಾಗಿಯೇ ಬಾಗಿತ್ತು. ಇದನ್ನು ತೋರಿಸಿ "ನೋಡಿ, ಬಗ್ಗಿದರೆ ಏನೂ ಆಗಲ್ಲ" ಅನ್ನುವವರಿದ್ದಾರೆ. ಸರಿಯಾಗಿ ನೋಡಬೇಕು. ಅವರ ಮೇಲ್ಬೆನ್ನು ಎಳೆಯುವ ಮುಂಚೆಯೇ ಬಾಗಿತ್ತು, ಬೇಕಂತಲೇ ಹಾಗೆ ಇಟ್ಟದ್ದು, ಹಾಗೆ ಮಾಡಿದರೆ ಕೈ ಉದ್ದ ಆದಂತೆ ಆಗಿ ದೂರ ಕಡಿಮೆಯಾಗುತ್ತದೆ. ನೆಟ್ಟಗಿದ್ದ ಕೆಳಬೆನ್ನು ಭಾರ ಬಿದ್ದ ಮೇಲೆ ಕುಸಿದು ಬಾಗುವುದು ಬೇರೆಯೇ ಸಂಗತಿ.

ಇದರ ಬಗ್ಗೆ ನಿಜವಾಗಿ ಭಾರ ಎತ್ತುವವರನ್ನೇ ಇಟ್ಟುಕೊಂಡು ಮಾಡಿದ ಕೆಲಸ ಇದೆ. 1991ರಲ್ಲಿ ಕೆನಡಾದ ಸಂಶೋಧಕರು ಅಲ್ಲಿನ ಪವರ್‌ಲಿಫ್ಟರ್‌ಗಳ ಸ್ಪರ್ಧೆಯ ಲಿಫ್ಟ್‌ಗಳಿಂದ ಲೆಕ್ಕ ಹಾಕಿದಾಗ ಕೆಳಬೆನ್ನಿನ ಮೂಳೆಗಳ ನಡುವೆ ಬೀಳುವ ಒತ್ತು 17,000 ನ್ಯೂಟನ್‌ಗೂ ಮೇಲೆ ಬಂತು, ಅಂದರೆ ಹದಿನೇಳು ನೂರು ಕೆಜಿಯ ಭಾರಕ್ಕೆ ಸಮ. ಅಭ್ಯಾಸ ಆದ ಬೆನ್ನು ಇಷ್ಟನ್ನೂ ತಡೆಯುತ್ತದೆ, ಮೂಳೆ ಕೂಡ ವರ್ಷಗಳ ಭಾರಕ್ಕೆ ಗಟ್ಟಿಯಾಗುತ್ತದೆ. ಅದೇ ತಂಡ ಲಿಫ್ಟರ್‌ಗಳು ಎತ್ತುತ್ತಿರುವಾಗಲೇ ಎಕ್ಸ್‌ರೇ ವಿಡಿಯೋ ತೆಗೆದು ನೋಡಿತು. ಒಬ್ಬರಿಗೆ ಎತ್ತುತ್ತಿರುವಾಗಲೇ ಬೆನ್ನಿಗೆ ಪೆಟ್ಟಾಯಿತು, ಆ ಕ್ಷಣ ಕ್ಯಾಮೆರಾದಲ್ಲಿ ಸಿಕ್ಕಿತು. ಪೂರ್ತಿ ಬೆನ್ನೇನೂ ಕುಸಿದಿರಲಿಲ್ಲ. ಒಂದೇ ಒಂದು ಕೀಲು, ಕ್ಷಣಕಾಲ, ತನ್ನ ಮಿತಿ ದಾಟಿ ಚೂರು ಬಾಗಿತ್ತು. ಹೊರಗಿನಿಂದ ನೋಡುವವರಿಗೆ ಅದು ಕಾಣುವುದೂ ಇಲ್ಲ.

ನಾನು ಇದರಿಂದ ತೆಗೆದುಕೊಂಡದ್ದು ಇಷ್ಟು: ಗರಿಷ್ಠ ಭಾರದಲ್ಲಿ ಬೆನ್ನು ಸ್ಕೇಲ್ ಇಟ್ಟ ಹಾಗೆ ನೆಟ್ಟಗಿರುವುದಿಲ್ಲ, ಅದನ್ನು ನಿರೀಕ್ಷಿಸುವುದೂ ತಪ್ಪು. ಆದರೆ ಯಾವ ಆಕಾರದಲ್ಲಿ ಶುರು ಮಾಡಿದಿರೋ ಅದೇ ಆಕಾರದಲ್ಲಿ ಮುಗಿಸಬೇಕು. ಮಧ್ಯದಲ್ಲಿ ಬದಲಾದರೆ ಆ ತೂಕ ಇವತ್ತು ನಿಮ್ಮದಲ್ಲ.

ಮೊಣಕಾಲಿನವರೆಗೆ ಬಂದ ಮೇಲೆ ಸೊಂಟದ ಕೆಲಸ. ಬಾರ್ ನೇರ ಮೇಲೆ ಬರಬೇಕಾದರೆ ಮೊಣಕಾಲು ದಾರಿ ಬಿಟ್ಟು ಹಿಂದೆ ಹೋಗಿರಬೇಕು, ಬಾರ್ ತೊಡೆಗೆ ಅಂಟಿಕೊಂಡೇ ಬರಬೇಕು. ಶಿನ್ ತರಚಿದರೆ ಉದ್ದದ ಸಾಕ್ಸ್ ಹಾಕಿ, ಬಾರ್ ದೂರ ಇಡುವುದು ಪರಿಹಾರ ಅಲ್ಲ. ಮೊಣಕಾಲು ದಾಟಿದ ಕೂಡಲೇ ಗ್ಲೂಟ್ಸ್ (ಪೃಷ್ಠದ ಸ್ನಾಯು) ಬಿಗಿದು ಸೊಂಟ ಮುಂದೆ. ಇಲ್ಲಿ ಸುಸ್ತಾದವರು ಮೊಣಕಾಲನ್ನು ಮತ್ತೆ ಬಗ್ಗಿಸಿ ಬಾರ್ ಅನ್ನು ತೊಡೆ ಮೇಲೆ ಇಟ್ಟು ಕುಕ್ಕಿ ಕುಕ್ಕಿ ಮೇಲೆ ತರುತ್ತಾರೆ, ಅದಕ್ಕೆ ಹಿಚಿಂಗ್ ಅನ್ನುತ್ತಾರೆ. ಸ್ಟ್ರಾಂಗ್‌ಮ್ಯಾನ್‌ನಲ್ಲಿ ನಡೆಯುತ್ತದೆ, ಪವರ್‌ಲಿಫ್ಟಿಂಗ್‌ನಲ್ಲಿ ಕೆಂಪು ದೀಪ, ಲಿಫ್ಟ್ ಲೆಕ್ಕಕ್ಕಿಲ್ಲ. ಮೇಲೆ ಬಂದ ಮೇಲೆ ಮೊಣಕಾಲು ನೆಟ್ಟಗೆ, ಭುಜ ಹಿಂದೆ, ಅಷ್ಟು ಸಾಕು. ಹಿಂದಕ್ಕೆ ಬಿಲ್ಲಿನ ಹಾಗೆ ಬಾಗಿ ಪೋಸ್ ಕೊಡುವುದರಿಂದ ಕೆಳಬೆನ್ನಿನ ಕೀಲುಗಳಿಗೆ ಸುಮ್ನೆ ಹೊರೆ, ಪಾಯಿಂಟ್ ಏನೂ ಜಾಸ್ತಿ ಸಿಗುವುದಿಲ್ಲ.

ಇಳಿಸುವಾಗ ಸೊಂಟ ಮೊದಲು ಹಿಂದೆ, ಬಾರ್ ಮೊಣಕಾಲು ದಾಟಿದ ಮೇಲೆ ಮೊಣಕಾಲು ಬಗ್ಗಿಸಿ. ನಿಧಾನಕ್ಕೆ ಇಳಿಸುವ ಅಗತ್ಯ ಇಲ್ಲ, ಕೈ ಬಿಡದೆ ಬಾರ್ ಜೊತೆ ಇಳಿದರೆ ಸಾಕು. ಗರಿಷ್ಠ ಭಾರ ಎತ್ತಿದ ಖುಷಿಯಲ್ಲಿ ಹೊಟ್ಟೆ ಸಡಿಲ ಬಿಟ್ಟು ಬೆನ್ನು ಬಗ್ಗಿಸಿ ಇಳಿಸಿ, ಎತ್ತುವಾಗ ಆಗದ ಪೆಟ್ಟನ್ನು ಇಳಿಸುವಾಗ ಮಾಡಿಕೊಳ್ಳುವವರು ಇದ್ದಾರೆ.

ಸುಮೋ ಅನ್ನುವ ಶೈಲಿಯಲ್ಲಿ ಡೆಡ್‌ಲಿಫ್ಟ್ ಎತ್ತುವವರು "ನಮಗೆ?" ಅನ್ನಬಹುದು. ಕಾಲು ಅಗಲ, ಕೈ ಒಳಗೆ, ಮುಂಡ ಜಾಸ್ತಿ ನೆಟ್ಟಗೆ, ಉಳಿದದ್ದೆಲ್ಲ ಇದೇ. ನೆಲ ಬಿಡಿಸುವುದು ಅಲ್ಲಿ ಇನ್ನೂ ಕಷ್ಟ, ಹಾಗಾಗಿ ಸ್ಲ್ಯಾಕ್ ಮತ್ತು ತಾಳ್ಮೆ ಎರಡೂ ಇನ್ನೂ ಜಾಸ್ತಿ ಬೇಕು. ಸುಮೋ ಮೋಸ ಅನ್ನುವ ಜಗಳಕ್ಕೆ ನಾನಿಲ್ಲ.

ವಾರ್ಮಪ್‌ನಲ್ಲಿ ಸುಸ್ತಾಗಬೇಡಿ. 200 ಕೆಜಿ ಎತ್ತುವ ದಿನ ಅಂದರೆ 60ಕ್ಕೆ ಐದು, 100ಕ್ಕೆ ಮೂರು, 140ಕ್ಕೆ ಎರಡು, ಆಮೇಲೆ 165, 185 ಒಂದೊಂದು, ಮಧ್ಯೆ ಸಾಕಷ್ಟು ವಿಶ್ರಾಂತಿ. ಮುಖ್ಯ ಏನಂದರೆ 60 ಕೆಜಿಗೂ 200 ಕೆಜಿಯ ಸೆಟಪ್ಪೇ ಇರಲಿ, ಅದೇ ನಡಿಗೆ, ಅದೇ ಉಸಿರು, ಅದೇ ಸ್ಲ್ಯಾಕ್. ಗರಿಷ್ಠವನ್ನು ವಾರ ವಾರ ಮುಟ್ಟಿ ನೋಡುವ ಚಟ ಇರುವವರು ಬೇಗ ನಿಂತುಹೋಗುತ್ತಾರೆ. ಹೆಚ್ಚಿನ ಕೆಲಸ ಗರಿಷ್ಠದ 70ರಿಂದ 85 ಶೇಕಡಾ ಒಳಗೆ, ಕೆಡದ ರೆಪ್ಸ್‌ನಲ್ಲಿ ಆಗಬೇಕು. ನೆಲದಿಂದ ನಿಧಾನ ಇರುವವರು ಪ್ಲೇಟ್ ನೆಲ ಬಿಟ್ಟ ಕೂಡಲೇ ಎರಡು ಸೆಕೆಂಡ್ ನಿಲ್ಲಿಸಿ ಎತ್ತುವ ಪಾಝ್ ಡೆಡ್‌ಲಿಫ್ಟ್ ಮಾಡಿ, ಬಾರ್ ಮುಂದೆ ಹೋಗಿದ್ದರೆ ಆ ಎರಡು ಸೆಕೆಂಡಿನಲ್ಲಿ ಖಂಡಿತ ಗೊತ್ತಾಗುತ್ತದೆ. ಮೇಲ್ಭಾಗದಲ್ಲಿ ಸಿಕ್ಕಿಬೀಳುವವರಿಗೆ ಪ್ಲೇಟ್‌ಗಳನ್ನು ಎತ್ತರದ ಬ್ಲಾಕ್ ಮೇಲಿಟ್ಟು ಅಲ್ಲಿಂದ ಎಳೆಯುವುದು ಕೆಲಸಕ್ಕೆ ಬರುತ್ತದೆ, ಆದರೆ ಮೊದಲು ವಿಡಿಯೋ ನೋಡಿ, ಮೇಲೆ ಸಿಕ್ಕಿದ ಲಿಫ್ಟ್ ಕೆಳಗೇ ಮುಂದೆ ಸರಿದಿತ್ತಾ ಅಂತ. ಬಹಳ ಸಲ ಸರಿದಿರುತ್ತದೆ. ಕ್ಯಾಮೆರಾ ಪಕ್ಕದಲ್ಲಿ, ಸೊಂಟದ ಎತ್ತರಕ್ಕೆ ಇಡಿ. ಎತ್ತುವಾಗ ಪಕ್ಕದ ಕನ್ನಡಿ ನೋಡಲು ಕುತ್ತಿಗೆ ತಿರುಗಿಸಬೇಡಿ.

ಮೇಲೆ ಬಾರದ ಲಿಫ್ಟ್ ಬಿಡುವುದಕ್ಕೂ ಒಂದು ಕ್ರಮ ಇದೆ. ಡೆಡ್‌ಲಿಫ್ಟ್‌ನ ಒಳ್ಳೆಯ ಗುಣ ಅಂದರೆ ಬಾರ್ ನಿಮ್ಮ ಮೇಲೆ ಬೀಳುವುದಿಲ್ಲ, ಹಿಡಿಯಲು ಯಾರೂ ಬೇಕಿಲ್ಲ. ಮೂರು, ನಾಲ್ಕು ಸೆಕೆಂಡ್ ಪೂರ್ತಿ ತಳ್ಳಿದರೂ ಪ್ಲೇಟ್ ಕದಲದಿದ್ದರೆ ಬಿಡಿ. ಕದಲಿ, ಮಧ್ಯದಲ್ಲಿ ಬೆನ್ನಿನ ಆಕಾರ ಬದಲಾದರೆ ಆಗಲೂ ಬಿಡಿ, ಮೊಣಕಾಲಿನವರೆಗೆ ಬಂದಿದ್ದರೂ ಸರಿ. ಅದೇ ದಿನ ಅದೇ ತೂಕಕ್ಕೆ ಮತ್ತೆ ಮತ್ತೆ ಹೋಗುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ಹತ್ತು, ಹದಿನೈದು ಶೇಕಡಾ ಇಳಿಸಿ, ಒಂದು ಚೆಂದದ ಸಿಂಗಲ್ ಎತ್ತಿ ಮುಗಿಸಿ. ಮರುದಿನ ಬೆನ್ನಿನ ಮಾಂಸಖಂಡ ಹಿಡಿದುಕೊಂಡಿದ್ದರೆ ಅದು ಸಾಮಾನ್ಯ, ನಡೆದಾಡಿದರೆ ಬಿಡುತ್ತದೆ. ನೋವು ಕಾಲಿನೊಳಗೆ ಇಳಿದರೆ, ಪಾದ ಜೋಮು ಹಿಡಿದರೆ, ಬೆರಳು ಎತ್ತುವುದಕ್ಕೆ ಬಲ ಸಾಲದಿದ್ದರೆ ಎತ್ತುವುದನ್ನು ನಿಲ್ಲಿಸಿ ಡಾಕ್ಟರ್ ಹತ್ತಿರ ಹೋಗಿ. ಮೂತ್ರ, ಮಲದ ಹಿಡಿತ ತಪ್ಪಿದರೆ, ತೊಡೆಗಳ ನಡುವೆ ಮರಗಟ್ಟಿದರೆ ಬೆಳಗಾಗಲಿ ಅಂತ ಕಾಯಬೇಡಿ, ಅದೇ ಗಳಿಗೆ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ.